ಹೈಡ್ರೋಜನ್ನಿಗೆ ಹೆಪ್ಪು ಹಾಕಿದ ಕಾಲ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಮೊದಲ ದಿನ ಕೇಳುವ ಪ್ರಶ್ನೆ ಒಂದೇ. ಮೇಡಂ, ಇದು ಸಿಡಿಯುತ್ತದಾ? ಸರ್ವಿಸಿನಲ್ಲಿ ಇದ್ದಷ್ಟು ಕಾಲವೂ ನಾನು ಕೊಟ್ಟ ಉತ್ತರವೂ ಒಂದೇ. ಹೈಡ್ರೋಜನ್ ಸಿಡಿಯುವುದಕ್ಕಿಂತ ಮೊದಲು ನಾನು ಸಿಡಿಯುತ್ತೇನೆ, ಆದ್ದರಿಂದ ಕನ್ನಡಕ ಹಾಕಿಕೊಂಡು ಒಳಗೆ ಬಾ. ಅವರು ನಗುತ್ತಿದ್ದರು. ಒಂದು ವಾರ ಕಳೆದ ಮೇಲೆ ನಗುತ್ತಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾನು ಒಮ್ಮೆಯಾದರೂ ಸಿಡಿದಿರುತ್ತಿದ್ದೆ.

ನಾನು ಪದ್ಮಾವತಿ, ಹೊಸೂರಿನ ಪಕ್ಕದ ಮತ್ತಿಗಿರಿಯವಳು. ಲ್ಯಾಬಿನಲ್ಲಿ ಎಲ್ಲರಿಗೂ ಪದ್ದಕ್ಕ. ಕೃಷ್ಣಗಿರಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ, ಹೊಸೂರಿನ ಒಂದು ರಬ್ಬರ್ ಕಾರ್ಖಾನೆಯಲ್ಲಿ ಬಹಳ ವರ್ಷ ಕ್ವಾಲಿಟಿ ನೋಡಿಕೊಂಡಿದ್ದೆ. ಆಮೇಲೆ ಗ್ಯಾಸ್ ಟ್ಯಾಂಕು ತಯಾರಿಸುವ ಒಂದು ಕಂಪನಿ ಸಂಶೋಧನೆಗೆಂದು ಸಣ್ಣ ಲ್ಯಾಬು ಶುರು ಮಾಡಿತು. ಅಲ್ಲಿ ಸೇರಿದವಳು ನಿವೃತ್ತಿಯ ತನಕ ಅಲ್ಲೇ ಉಳಿದೆ. ಲ್ಯಾಬು ಎಂದರೆ ಸಿನಿಮಾದಲ್ಲಿ ತೋರಿಸುವಂಥದ್ದಲ್ಲ. ಅದು ಮೊದಲು ಗುಲಾಬಿ ಹೂವು ಇಡುವ ಕೋಲ್ಡ್ ರೂಮು. ಹೂವಿನ ವ್ಯಾಪಾರದವರು ಬಿಟ್ಟು ಹೋಗಿದ್ದರು, ನಮಗೆ ತಣ್ಣನೆಯ ಜಾಗ ಬೇಕಿತ್ತು. ಮೊದಲ ವರ್ಷ ಮೂಲೆ ಗುಡಿಸಿದರೆ ಒಣಗಿದ ಗುಲಾಬಿ ಎಸಳು ಸಿಗುತ್ತಿತ್ತು.

ಕೆಲಸ ಏನೆಂದು ಕೇಳಿದವರಿಗೆ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಪ್ರೊಮೋಟರ್‌ಗಳ ಮೇಲೆ ಕೆಲಸ ಮಾಡುತ್ತೇವೆ ಎಂದು ಒಂದು ಸಲ ಬಾಯಿ ತಪ್ಪಿ ಹೇಳಿದ್ದಕ್ಕೆ ನಮ್ಮ ಬೀದಿಯ ಅರ್ಧ ಜನ ಮನೆಗೆ ಬಂದು, ಬಾಗಲೂರು ರಸ್ತೆಯಲ್ಲಿ ಸೈಟು ಕಡಿಮೆಗೆ ಸಿಗುತ್ತದಾ ಎಂದು ವಿಚಾರಿಸಿದರು. ಹೊಸೂರಿನಲ್ಲಿ ಪ್ರೊಮೋಟರ್ ಎಂದರೆ ಲೇಔಟ್ ಮಾಡುವವರು, ಬೇರೆ ಯಾರೂ ಅಲ್ಲ.

ನಿಮಗಾದರೂ ಸರಿಯಾಗಿ ಹೇಳಿಬಿಡುತ್ತೇನೆ. ಹೈಡ್ರೋಜನ್ ಒಳ್ಳೆಯ ಇಂಧನ, ಉರಿದರೆ ನೀರು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಆದರೆ ಅದನ್ನು ಇಡುವುದೇ ದೊಡ್ಡ ತಲೆನೋವು. ಅದಕ್ಕೊಂದು ಉಪಾಯವೆಂದರೆ ಹೈಡ್ರೇಟ್. ನೋಡಲು ಮಂಜುಗಡ್ಡೆಯೇ, ಆದರೆ ಒಳಗೆ ನೀರಿನ ಕಣಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಪುಟ್ಟ ಪುಟ್ಟ ಪಂಜರ ಕಟ್ಟಿಕೊಂಡಿರುತ್ತವೆ. ಆ ಪಂಜರದೊಳಗೆ ಅನಿಲ ಕೂರುತ್ತದೆ. ಸ್ವಲ್ಪ ಬಿಸಿ ಮಾಡಿದರೆ ಪಂಜರ ಮುರಿಯುತ್ತದೆ, ಅನಿಲ ಹೊರಗೆ ಬರುತ್ತದೆ. ಹೈಡ್ರೋಜನ್ ತೀರ ಚಿಕ್ಕ ಕಣವಾದ್ದರಿಂದ ಬರೀ ಅದನ್ನೇ ಪಂಜರದಲ್ಲಿ ಕೂರಿಸಬೇಕಾದರೆ ಅತ್ಯಂತ ಆಳದ ಸಮುದ್ರದ ತಳದಲ್ಲೂ ಇಲ್ಲದಷ್ಟು ಒತ್ತಡ ಹಾಕಬೇಕು. ಹಾಗೆ ಮಾಡಲಾಗದು ಎಂದೇ ನೀರಿಗೆ ಟಿಎಚ್‌ಎಫ್ ಎಂಬ ದ್ರವ ಬೆರೆಸುತ್ತೇವೆ. ಇದೇ ನಮ್ಮ ಪ್ರೊಮೋಟರ್. ಅದು ದೊಡ್ಡ ಪಂಜರಗಳಲ್ಲಿ ತಾನು ಕೂತು ಮನೆ ಬೀಳದಂತೆ ನೋಡಿಕೊಳ್ಳುತ್ತದೆ, ಸಣ್ಣ ಪಂಜರಗಳನ್ನು ಹೈಡ್ರೋಜನ್ನಿಗೆ ಬಿಡುತ್ತದೆ. ಆಗ ಒತ್ತಡ ಎಷ್ಟೋ ಕಡಿಮೆ ಸಾಕು. ಆದರೆ ಬಾಡಿಗೆಗೆ ಕೊಟ್ಟ ಮನೆಯಲ್ಲಿ ಓನರೇ ನಡುಮನೆ ಹಿಡಿದು ಕೂತ ಹಾಗೆ, ಹೈಡ್ರೋಜನ್ನಿಗೆ ಉಳಿಯುವ ಜಾಗ ಸ್ವಲ್ಪವೇ.

ಇನ್ನೊಂದು ತೊಂದರೆ ಕಾಯುವುದು. ಅದೇ ನೀರು, ಅದೇ ಚಳಿ, ಅದೇ ಒತ್ತಡ. ಒಂದು ದಿನ ಟೀ ಕುಡಿಯುವುದರೊಳಗೆ ಹೈಡ್ರೇಟ್ ಕಟ್ಟುತ್ತದೆ, ಮರುದಿನ ಸಂಜೆ ಬಸ್ಸಿನ ಹೊತ್ತಾದರೂ ಕಟ್ಟುವುದಿಲ್ಲ. ಸ್ವೆಟರ್ ಹಾಕಿಕೊಂಡು ಮೀಟರ್ ಮುಂದೆ ಕೂತು ಕಾಯುವುದೇ ನಮ್ಮ ಸಂಶೋಧನೆಯ ಮುಕ್ಕಾಲು ಪಾಲು. ಕೆಲಸಕ್ಕೆ ಸೇರುವವರು ಇದನ್ನು ತಿಳಿದುಕೊಂಡೇ ಸೇರುವುದು ಒಳ್ಳೆಯದು.

ನಮ್ಮ ಮುಖ್ಯಸ್ಥರು ಇಳಂಗೋವನ್ ಸಾರ್, ಧರ್ಮಪುರಿ ಕಡೆಯವರು. ಹೊಸೂರಿಗೆ ಬಂದ ಮೇಲೆ ಕನ್ನಡ ಕಲಿತರು, ಆದರೆ ನೀನು ಎನ್ನುವ ಪದವನ್ನು ಕಲಿಯಲೇ ಇಲ್ಲ. ಮನುಷ್ಯರಿಗೂ ಮೆಷೀನಿಗೂ ಒಂದೇ ಮರ್ಯಾದೆ. ಪಂಪು ಕೆಟ್ಟರೆ, ಅವರಿಗೆ ಹುಷಾರಿಲ್ಲ ಎನ್ನುತ್ತಿದ್ದರು. ಸಿಲಿಂಡರ್ ಲಾರಿ ತಡವಾದರೆ, ಅವರು ಶೂಲಗಿರಿ ದಾಟಿದ್ದಾರೆ ಎನ್ನುತ್ತಿದ್ದರು. ಹೊಸಬರು ಯಾರೋ ದೊಡ್ಡವರು ಬರುತ್ತಿದ್ದಾರೆಂದು ಎದ್ದು ನಿಲ್ಲುತ್ತಿದ್ದರು.

ಅವರ ಕೈಯಲ್ಲಿ ನನಗೆ ಮೊದಲ ಪಾಠವಾದದ್ದು ರಬ್ಬರ್ ವಿಷಯದಲ್ಲಿ. ಹೈಡ್ರೇಟ್ ಕಟ್ಟುವ ಉಕ್ಕಿನ ಪಾತ್ರೆಗೆ ಸೆಲ್ ಎನ್ನುತ್ತೇವೆ. ಅದರ ಮುಚ್ಚಳದ ಕೆಳಗೆ ಒಂದು ರಿಂಗು ಕೂರಿಸಬೇಕು. ರಬ್ಬರಿನ ವಿಷಯ ನನ್ನನ್ನು ಕೇಳಿ ಸಾರ್, ನಾನು ಅದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ಎಂದು ಎದೆ ತಟ್ಟಿಕೊಂಡು, ನಮ್ಮ ಹಳೆಯ ಕಾರ್ಖಾನೆಯ ಗಟ್ಟಿಮುಟ್ಟಾದ ರಿಂಗು ತರಿಸಿ ಹಾಕಿದೆ. ಎಣ್ಣೆಗೆ ಜಗ್ಗದ ರಬ್ಬರು ಅದು. ಟಿಎಚ್‌ಎಫ್‌ಗೆ ಮಾತ್ರ ಜಗ್ಗಿತು. ಊಟದ ಹೊತ್ತಿಗೆ ಸಣ್ಣಗೆ ಈಥರ್ ವಾಸನೆ, ಹಿಂದೆಯೇ ಗ್ಯಾಸ್ ಅಲಾರಂ. ಎಲ್ಲರೂ ಡಬ್ಬಿ ಬಿಟ್ಟು ಹೊರಗಿನ ಹುಣಸೆಮರದ ಕೆಳಗೆ ಓಡಿದೆವು. ಒತ್ತಡ ಇಳಿಸಿ, ಗಾಳಿ ಆಡಿಸಿ, ಸಂಜೆ ಮುಚ್ಚಳ ಬಿಚ್ಚಿ ನೋಡಿದರೆ ನನ್ನ ರಿಂಗು ನೆನೆಸಿಟ್ಟ ಅವರೆಕಾಳಿನಂತೆ ಊದಿಕೊಂಡು ಕೂತಿದೆ, ಹಿಸುಕಿದರೆ ಸಿಪ್ಪೆ ಬಿಡುವುದೊಂದು ಬಾಕಿ. ಸಾರ್ ಅದನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಪದ್ಮಾವತಿ, ಇವರು ದಪ್ಪ ಆಗಿದ್ದಾರೆ ಎಂದರು. ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆಮೇಲೆ ಟೆಫ್ಲಾನ್ ರಿಂಗಿಗೆ ಬದಲಾದೆವು.

ಸೋಪಿನ ಕಥೆ ಇನ್ನೊಂದು. ನೀರಿಗೆ ಚಿಟಿಕೆ ಸೋಪಿನ ಪುಡಿಯಂಥದ್ದನ್ನು ಬೆರೆಸಿದರೆ ಅನಿಲ ನೀರಿಗೆ ಬೇಗ ಇಳಿಯುತ್ತದೆ, ಹೈಡ್ರೇಟ್ ಬೇಗ ಬೆಳೆಯುತ್ತದೆ. ಶಾಂಪೂಗೆ ಹಾಕುವ ಪುಡಿಯೇ ಅದು. ಕಟ್ಟುವಾಗ ಎಲ್ಲ ಚಂದ, ಕರಗಿಸಿ ಅನಿಲ ಹೊರಗೆ ಬಿಡುವಾಗ ನೊರೆ. ಒಂದು ದಿನ ನಾವು ವಾಲ್ವನ್ನು ತುಸು ಅವಸರದಲ್ಲಿ ತಿರುಗಿಸಿದ್ದಕ್ಕೆ ನೊರೆ ಪೈಪು ಹತ್ತಿ, ಚಾವಣಿಯ ಮೇಲಿನ ಕೊಳವೆಯಿಂದ ಉಕ್ಕಿ, ಕೆಳಗೆ ಫೋನಿನಲ್ಲಿ ಮಾತಾಡುತ್ತ ನಿಂತಿದ್ದ ಅಕೌಂಟ್ಸ್ ಮ್ಯಾನೇಜರ್ ತಲೆಯ ಮೇಲೆ ಬಿತ್ತು. ಆ ವರ್ಷ ನಾವು ಕೇಳಿದ ಯಾವ ಸಾಮಾನಿಗೂ ಸಹಿ ಬೀಳಲಿಲ್ಲ. ಮಕ್ಕಳೇ, ವಾಲ್ವನ್ನು ಮೆಲ್ಲಗೆ ತಿರುಗಿಸಿ. ನಾನು ಕಲಿಸಿದ್ದರಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ. ಕರೆಂಟು ಹೋಗಿ ಕೋಲ್ಡ್ ರೂಮು ಬೆಚ್ಚಗಾಗತೊಡಗಿದ ದಿನ ಇಳಂಗೋವನ್ ಸಾರ್ ವಾಲ್ವಿನ ಮುಂದೆ ಸ್ಟೂಲು ಹಾಕಿಕೊಂಡು, ಹಸುಗೂಸಿಗೆ ಹಾಲು ಕುಡಿಸುವಷ್ಟು ನಿಧಾನವಾಗಿ ಅನಿಲ ಬಿಡುತ್ತ ಕೂತಿದ್ದನ್ನು ನಾನು ನೋಡಿದ್ದೇನೆ. ಜನರೇಟರ್ ಹತ್ತಿಕೊಳ್ಳುವ ತನಕ ಅವರು ಕೈ ತೆಗೆಯಲಿಲ್ಲ.

ಈಗ, ನಾನು ಬರೆಯಲು ಕೂತದ್ದೇ ಯಾವುದಕ್ಕೋ ಆ ವಿಷಯಕ್ಕೆ ಬರುತ್ತೇನೆ.

ನಮ್ಮ ಫಿಟ್ಟರ್ ಮಾರಪ್ಪ. ಸಾನಮಾವು ಕಾಡಿನಂಚಿನ ಊರಿನವನು. ಬೆಳಿಗ್ಗೆ ಹೊಲ, ಹಗಲು ಲ್ಯಾಬು, ರಾಗಿ ತೆನೆ ಕಟ್ಟುವ ಕಾಲದಲ್ಲಿ ಆನೆ ಕಾಯುವುದಕ್ಕೆ ರಜೆ. ಅವನ ರಜಾ ಅರ್ಜಿಯಲ್ಲಿ ಕಾರಣ ಎಂಬಲ್ಲಿ ಆನೆ ಎಂದು ಒಂದೇ ಪದ ಇರುತ್ತಿತ್ತು, ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಸಂಜೆ ಸೆಲ್ ಖಾಲಿ ಮಾಡಿ ತೊಳೆಯುವುದು ಅವನ ಕೆಲಸ. ಮೊದಲ ವರ್ಷ ಸಾರ್ ಹಾಕಿದ ನಿಯಮದಂತೆ ಪ್ರತಿಸಲವೂ ಬಿಸಿನೀರಿನಲ್ಲಿ ತೊಳೆದು, ಗಾಳಿ ಊದಿ ಒಣಗಿಸುತ್ತಿದ್ದ. ಆಮೇಲೆ ಒಂದು ದಿನ ಅವನೇ ಒಂದು ವಿಷಯ ಗಮನಿಸಿದ. ತಳದಲ್ಲಿ ಸ್ವಲ್ಪ ಹಳೆಯ ನೀರು ಉಳಿದಿದ್ದರೆ ಮರುದಿನ ಹೈಡ್ರೇಟ್ ಬೇಗ ಕಟ್ಟುತ್ತದೆ. ಸಾರ್‌ಗೆ ಹೇಳಿದಾಗ ಅವರು, ಹೌದು, ಇದು ಪುಸ್ತಕಗಳಲ್ಲೂ ಇದೆ, ಒಮ್ಮೆ ಹೈಡ್ರೇಟ್ ಆಗಿದ್ದ ನೀರಿಗೆ ಅದರ ನೆನಪಿರುತ್ತದೆ ಎನ್ನುತ್ತಾರೆ ಎಂದರು. ಮಾರಪ್ಪನಿಗೆ ಪುಸ್ತಕ ಬೇಕಾಗಿರಲಿಲ್ಲ.

"ನೆನಪು ಗಿನಪು ಏನಿಲ್ಲ ಸಾ. ಹೆಪ್ಪು ಅದು. ಪೂರ್ತಿ ತೊಳ್ದುಬುಟ್ರೆ ನಾಳಿಕ್ಕೆ ಎಲ್ಲಿಂದ ತರಾದು?"

ನಾವೆಲ್ಲ ನಕ್ಕೆವು, ಒಪ್ಪಿದೆವು. ದಿನವಿಡೀ ಚಳಿಯಲ್ಲಿ ಕೂತು ಕಾಯುವವರಿಗೆ ಬೇಗ ಕಟ್ಟುವ ಹೈಡ್ರೇಟ್‌ಗಿಂತ ದೊಡ್ಡ ಉಪಕಾರ ಬೇರೆ ಯಾವುದಿದೆ? ಅಂದಿನಿಂದ ಸೆಲ್ಲಿನ ತಳದಲ್ಲಿ ಅಂಗೈಯಷ್ಟು ಹೆಪ್ಪು ಬಿಡುವುದು ರೂಢಿಯಾಯಿತು. ಬಿಸಿನೀರಿನ ನಿಯಮ ಗೋಡೆಯ ಬೋರ್ಡಿನ ಮೇಲೆ ಹಾಗೇ ಉಳಿಯಿತು. ಸ್ವಲ್ಪ ದಿನಕ್ಕೆ ಹೆಪ್ಪಿನ ಮಾತೂ ನಿಂತುಹೋಯಿತು. ಮೊಸರು ಹೇಗೆ ಮಾಡಿದೆ ಎಂದು ಯಾರಾದರೂ ಕೇಳಿದರೆ ಹಾಲು ಚೆನ್ನಾಗಿತ್ತು ಎನ್ನುತ್ತೇವೆ, ಹೆಪ್ಪು ಹಾಕಿದೆ ಎಂದು ಯಾರೂ ಹೇಳುವುದಿಲ್ಲ. ಅದು ಇದ್ದೇ ಇರುತ್ತದೆ.

ರತ್ನಾ ಬಂದದ್ದು ಇದೆಲ್ಲ ಆದ ಮೇಲೆ. ಜವಳಗಿರಿಯ ಹುಡುಗಿ, ಡಾಕ್ಟರೇಟ್ ಮುಗಿಸಿ ಎರಡು ವರ್ಷದ ಕಾಂಟ್ರಾಕ್ಟಿನ ಮೇಲೆ ಸೇರಿದ್ದಳು. ಅವಳ ತಾಯಿ ತಳಿ ಎಂಬ ಊರಿನ ಕಡೆಯ ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯುವ ಕೂಲಿ ಕೆಲಸ ಮಾಡುತ್ತಿದ್ದರು. ಮೊದಲ ದಿನ ಕೋಲ್ಡ್ ರೂಮು ತೋರಿಸಿದಾಗ, ಅಮ್ಮ ಕೊಯ್ದ ಹೂವು ಇಲ್ಲಿಗೇ ಬರುತ್ತಿತ್ತೇನೋ ಅಕ್ಕ ಎಂದಳು. ಆ ಒಂದು ಮಾತಿಗೇ ನನಗೆ ಅವಳ ಮೇಲೆ ಪ್ರೀತಿ ಬಂತು. ಅವಳಿಗೊಂದು ಹಟವಿತ್ತು. ನೌಕರಿ ಕಾಯಂ ಆದ ಮರುದಿನವೇ ತಾಯಿಗೆ ಹೂವಿನ ಕತ್ತರಿ ಕೆಳಗಿಡಿಸಬೇಕು. ಮುಳ್ಳು ಚುಚ್ಚಿ ಚುಚ್ಚಿ ಆ ತಾಯಿಯ ಬೆರಳ ತುದಿಗಳು ಕಪ್ಪಾಗಿದ್ದವು, ಬ್ಯಾಂಕಿನ ಮೆಷೀನು ಅವರ ಬೆರಳಚ್ಚನ್ನು ಒಪ್ಪುತ್ತಲೇ ಇರಲಿಲ್ಲ.

ನೊರೆಯ ಕಥೆ ಕೇಳಿ ರತ್ನಾ, ಸೋಪಿನ ಪುಡಿಯ ಬದಲು ಅಂಟುವಾಳ ಹಾಕಿದರೆ ಹೇಗೆ ಎಂದಳು. ತಲೆ ತೊಳೆಯುವ ಅಂಟುವಾಳದ ಕಾಯಿಯೇ. ಅವರ ಊರ ಸುತ್ತ ಮರಗಳಿವೆ, ಅದರ ನೊರೆ ಬೇಗ ಇಳಿಯುತ್ತದೆ. ಕಾಯಿಯ ಸಿಪ್ಪೆ ನೆನೆಸಿ, ಸೋಸಿ, ರಸ ತೆಗೆದು, ಟಿಎಚ್‌ಎಫ್ ಬೆರೆಸಿದ ನೀರಿಗೆ ಹಾಕಿ ಸೆಲ್ಲಿಗೆ ತುಂಬಿದಳು. ನಾವು ಟೀ ಲೋಟ ಕೆಳಗಿಡುವ ಮೊದಲೇ ಒತ್ತಡ ಇಳಿಯತೊಡಗಿತು, ಅಂದರೆ ಹೈಡ್ರೋಜನ್ ಪಂಜರ ಸೇರುತ್ತಿದೆ ಎಂದರ್ಥ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಏನೂ ಹಾಕದ ಬರೀ ಟಿಎಚ್‌ಎಫ್ ನೀರಿನ ಲೆಕ್ಕ ಮೊದಲ ವರ್ಷದ್ದು ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂಟುವಾಳದ್ದು ಪವಾಡ. ಇಳಂಗೋವನ್ ಸಾರ್ ಅಂಟುವಾಳಕ್ಕೂ ಬಹುವಚನ ಶುರು ಮಾಡಿದರು.

ಸುದ್ದಿ ಚೆನ್ನೈನ ಹೆಡ್ಡಾಫೀಸಿಗೆ ಹೋಯಿತು. ಅಲ್ಲಿಯ ಹಿರಿಯರಿಗೆ ಹೈಡ್ರೇಟ್ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಅಂಟುವಾಳ ಮಾತ್ರ ಚೆನ್ನಾಗಿ ಅರ್ಥವಾಯಿತು. ಕಾಡಂಚಿನ ಊರುಗಳಿಂದ ಕಾಯಿ ಕೊಳ್ಳುವುದು, ರಸ ತೆಗೆಯುವ ಘಟಕ ಹಾಕುವುದು, ರತ್ನಾಳನ್ನು ಅದರ ಮೇಲೆ ಕಾಯಂ ಮಾಡುವುದು, ಎಲ್ಲ ತೀರ್ಮಾನವಾದಂತೆಯೇ. ಒಮ್ಮೆ ಬಂದು ಕಣ್ಣಾರೆ ನೋಡುತ್ತೇವೆ ಎಂದು ದಿನ ಗೊತ್ತು ಮಾಡಿದರು. ರತ್ನಾಳ ತಾಯಿ ಸಂತೋಷ ತಡೆಯಲಾರದೆ ಊರಿನ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದರು. ಅವರು ಆಗಲೇ ಕಾಯಿ ಆರಿಸಿ ಒಣಗಿಸತೊಡಗಿದ್ದರು.

ಅದೇ ವಾರ ಆನೆ ಬಂತು. ಮಾರಪ್ಪ ರಜೆ ಹಾಕಿದ. ಅವನ ಬದಲು ಮೇನ್ ಫ್ಯಾಕ್ಟರಿಯಿಂದ ಬಂದ ಫಿಟ್ಟರ್ ಬಹಳ ಶಿಸ್ತಿನ ಮನುಷ್ಯ, ಗೋಡೆಯ ಬೋರ್ಡು ಓದಿ ಅದರಂತೆ ಸೆಲ್ಲನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿಟ್ಟು ಹೋದ. ಮರುದಿನ ರತ್ನಾ ಅಂಟುವಾಳದ ನೀರು ತುಂಬಿದಳು. ಟೀ ಆಯಿತು, ಊಟ ಆಯಿತು, ಬಸ್ಸಿನ ಹೊತ್ತೂ ಆಯಿತು. ಒತ್ತಡ ಅಲ್ಲೇ ನಿಂತಿತ್ತು. ಅದರ ಮರುದಿನವೂ ಅದೇ ಕಥೆ. ಕಾಯಿ ಹಳೆಯದಾಯಿತೇನೋ ಎಂದು ನಾನೂ, ಸೆನ್ಸರ್ ಅವರಿಗೆ ಹುಷಾರಿಲ್ಲವೇನೋ ಎಂದು ಸಾರೂ ತಲೆ ಕೆಡಿಸಿಕೊಂಡೆವು. ಈ ವಾರ ಬದಲಾದದ್ದು ಏನೇನೆಂದು ರತ್ನಾ ಪಟ್ಟಿ ಮಾಡತೊಡಗಿದಳು. ಮಾರಪ್ಪ ಕೆಲಸಕ್ಕೆ ವಾಪಸು ಬಂದ ಕೂಡಲೇ ಅವನನ್ನು ಸೆಲ್ಲಿನ ಮುಂದೆ ನಿಲ್ಲಿಸಿ ಕೇಳಿದಳು.

"ಅಣ್ಣ, ನೀವು ಇದನ್ನ ಎಂಗೆ ತೊಳೀತೀರ? ಒಂದ್ಸಲ ಹೇಳಿ."

"ಎಂಗೇನಮ್ಮ? ಮೇಲಿಂದೆಲ್ಲ ಸುರುದ್ಬುಟ್ಟು ತಳದಾಗೆ ಒಸಿ ಬಿಡ್ತೀನಿ. ಹೆಪ್ಪಿಗೆ ಬೇಕಲ್ಲ."

ಅವಳ ಮುಖ ನೋಡಿದ ಮೇಲೆ ನನಗೂ ಹೊಳೆಯಿತು. ಅಂಟುವಾಳ ಹಾಕಿದ ಪ್ರಯೋಗಗಳೆಲ್ಲ ಹೆಪ್ಪಿನ ಮೇಲೆ ಆದವು. ಪಕ್ಕದಲ್ಲಿಟ್ಟು ಹೋಲಿಸಿದ ಮೊದಲ ವರ್ಷದ ಲೆಕ್ಕ ತೊಳೆದ ಸೆಲ್ಲಿನದು. ಹೆಪ್ಪು ಹಾಕಿದ ಹಾಲನ್ನೂ ಹಾಕದ ಹಾಲನ್ನೂ ಒಟ್ಟಿಗಿಟ್ಟು, ನೋಡಿ ನಮ್ಮ ಹಸುವಿನ ಹಾಲು ಎಷ್ಟು ಬೇಗ ಮೊಸರಾಯಿತು ಎಂದ ಹಾಗೆ. ಸುಳ್ಳು ಯಾರೂ ಹೇಳಿರಲಿಲ್ಲ. ರತ್ನಾಳಿಗೆ ಯಾರೂ ಹೇಳಿರಲೇ ಇಲ್ಲ, ಅಷ್ಟೇ. ಅಂದೇ ಅವಳು ಇನ್ನೊಂದು ಸೆಲ್ಲಿನಲ್ಲಿ ಉಳಿದಿದ್ದ, ಅಂಟುವಾಳ ಸೋಕದ ಹೆಪ್ಪಿನ ಮೇಲೆ ಬರೀ ಟಿಎಚ್‌ಎಫ್ ನೀರು ಹಾಕಿ ಒಂದು ಪ್ರಯೋಗ ಮಾಡಿದಳು. ಟೀ ಲೋಟ ಕೆಳಗಿಡುವ ಮೊದಲೇ ಒತ್ತಡ ಇಳಿಯಿತು. ಪವಾಡ ಮಾಡುತ್ತಿದ್ದದ್ದು ಹೆಪ್ಪು.

ಚೆನ್ನೈಯವರು ಬರಲು ಎರಡು ದಿನವಿತ್ತು. ಮಾರಪ್ಪನಿಗೆ ಇದು ದೊಡ್ಡ ವಿಷಯವಾಗಿಯೇ ಕಾಣಲಿಲ್ಲ. ಎಂದಿನಂತೆ ಹೆಪ್ಪು ಬಿಡುತ್ತೇನೆ, ಎಂದಿನಂತೆ ಕಟ್ಟುತ್ತದೆ, ನೋಡುವವರು ನೋಡಿಕೊಂಡು ಹೋಗುತ್ತಾರೆ ಎಂದ. ಇಳಂಗೋವನ್ ಸಾರ್ ಮೆಲ್ಲಗೆ ಹೇಳಿದರು.

"ರತ್ನಾ, ಪೊಯ್ ಸೊಲ್ಲ ವೇಂಡಾಂ. ಸುಳ್ಳು ಹೇಳ್ಬೇಡಿ. ಆದ್ರೆ ಅವರು ಕೇಳದೆ ಇರೋದನ್ನ ನಾವಾಗಿ ಹೇಳ್ಬೇಕಾ?"

ನಾನೇನು ಸತ್ಯಹರಿಶ್ಚಂದ್ರನ ಮನೆಯವಳಲ್ಲ. ನಾನೂ ಅದನ್ನೇ ಹೇಳಿದೆ, ಸಾರ್‌ಗಿಂತ ಜೋರಾಗಿ. ಮೊದಲು ನೌಕರಿ ಕಾಯಂ ಆದ ಆರ್ಡರು ಕೈಗೆ ಬರಲಿ, ಆಮೇಲೆ ಆರು ತಿಂಗಳು ಬಿಟ್ಟು ನಿಧಾನವಾಗಿ, ಹೊಸ ಪರೀಕ್ಷೆಯಲ್ಲಿ ಹೀಗೆ ಬಂತು ಎಂದು ಬರೆದರಾಯಿತು. ನಿಮ್ಮಮ್ಮನ ಕೈ ನೆನಪು ಮಾಡಿಕೋ ಎಂದೆ. ಅದು ಆಡಬಾರದ ಮಾತು ಎಂದು ಆಡಿದ ಮೇಲೆ ಅನ್ನಿಸಿತು.

"ಅಮ್ಮನ ಕೈಯೇ ನೆನಪಾಗ್ತಾ ಇರೋದು ಅಕ್ಕ," ಎಂದಳು ರತ್ನಾ. "ಊರೋರೆಲ್ಲ ಅಂಗಳದ ತುಂಬ ಕಾಯಿ ಹರಡವ್ರೆ. ಇವತ್ತು ಕೊಂಡ್ಕೊಂಡು ಆರ್ ತಿಂಗ್ಳಾದ್ಮೇಲೆ ಬ್ಯಾಡ ಅಂದ್ರೆ, ಅವ್ರು ಕೂಲಿ ಬಿಟ್ಟು ಆರ್ಸಿರ್ತಾರೆ. ಆಮೇಲೆ ನಾನು ಯಾವ ಮುಖ ಇಟ್ಕೊಂಡು ಊರಿಗೆ ಹೋಗ್ಲಿ?"

 

ಚೆನ್ನೈಯಿಂದ ಮೂವರು ಬಂದರು. ಕೋಲ್ಡ್ ರೂಮಿಗೆ ಅವರಿಗೆಂದೇ ತಂದ ಹೊಸ ಸ್ವೆಟರ್‌ಗಳು ದೊಗಲೆಯಾಗಿ, ನೋಡಿದರೆ ನಗು ಬರುವಂತಿತ್ತು. ನಮ್ಮಲ್ಲಿ ಒಂದೇ ತರಹದ ಎರಡು ಸೆಲ್ಲುಗಳಿದ್ದವು. ರತ್ನಾ ಒಂದನ್ನು ತಾನೇ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಅಂಟುವಾಳದ ನೀರು ತುಂಬಿದ್ದಳು. ಇನ್ನೊಂದರಲ್ಲಿ ಮಾರಪ್ಪನ ಹೆಪ್ಪು, ಅದರ ಮೇಲೆ ಬರೀ ಟಿಎಚ್‌ಎಫ್ ನೀರು. ಎರಡರ ಒತ್ತಡವೂ ಒಂದೇ ಪರದೆಯ ಮೇಲೆ ಕಾಣುವಂತೆ ಮಾಡಿದ್ದಳು. ಹೆಪ್ಪಿನ ಗೆರೆ ಕೂತು ನೋಡುತ್ತಿರುವಂತೆಯೇ ಇಳಿಯಿತು. ಅಂಟುವಾಳದ ಗೆರೆ ಕೃಷ್ಣಗಿರಿ ಹೈವೇಯಂತೆ ನೆಟ್ಟಗೆ ಹೋಗುತ್ತಲೇ ಇತ್ತು. ಯಾವುದು ಯಾವುದೆಂದು ಅವಳು ತಮಿಳಿನಲ್ಲಿ ಬಿಡಿಸಿ ಹೇಳಿದಳು. ಮೊದಲು ಹೇಗೆ ತಪ್ಪು ಹೋಲಿಕೆ ಆಯಿತೆಂದೂ ಹೇಳಿದಳು. ಮಾರಪ್ಪನ ಹೆಸರನ್ನಾಗಲಿ ನಮ್ಮ ಹೆಸರನ್ನಾಗಲಿ ಎತ್ತಲಿಲ್ಲ, ನಾವು ಎಂದಷ್ಟೇ ಅಂದಳು.

ಮೂವರಲ್ಲಿ ಹಿರಿಯರು ಸ್ವೆಟರಿನ ತೋಳು ಮಡಿಸುತ್ತ, ಹೆಪ್ಪಿನ ವಿಷಯ ಪುಸ್ತಕದಲ್ಲೇ ಇದೆಯಂತೆ, ಅಂಟುವಾಳ ಕೆಲಸ ಮಾಡುವುದಿಲ್ಲವಂತೆ, ಹಾಗಾದರೆ ಎರಡು ವರ್ಷದಲ್ಲಿ ನೀವು ಕಂಡುಹಿಡಿದದ್ದೇನು ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇನ್ನೂ ಕಷ್ಟವಾಯಿತು. ರತ್ನಾ ಹೇಳಿದ್ದನ್ನು ಕನ್ನಡದಲ್ಲಿ ಹೇಳಬೇಕೆಂದರೆ ಇಷ್ಟೇ:

"ಪಾತ್ರೆ ತೊಳೆಯದೆ ಅಡುಗೆಯನ್ನು ಹೊಗಳಬಾರದು ಅನ್ನುವುದನ್ನು, ಸಾರ್."

ಯಾರೂ ನಗಲಿಲ್ಲ. ಊಟಕ್ಕೆ ತರಿಸಿದ್ದ ಬಿರಿಯಾನಿಯನ್ನು ಅವರು ಉಂಡು ಹೊರಟುಹೋದರು.

ಪವಾಡವೊಂದು ಆಗಿ, ಅವಳ ಪ್ರಾಮಾಣಿಕತೆಗೆ ಮೆಚ್ಚಿ ಕಾಯಂ ಮಾಡಿದರು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಅಂಟುವಾಳದ ಯೋಜನೆ ನಿಂತಿತು, ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಊರಿನವರು ಒಣಗಿಸಿದ್ದ ಕಾಯಿಯನ್ನು ವಾರದ ಸಂತೆಯಲ್ಲಿ ಮಾರಿಕೊಂಡರಂತೆ, ನಷ್ಟವೇನೂ ಆಗಲಿಲ್ಲ. ನನಗೆ ಚೆನ್ನೈಯವರ ಮೇಲೆ, ಸಾರ್ ಮೇಲೆ, ಮಾರಪ್ಪನ ಮೇಲೆ, ಆನೆಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ ರತ್ನಾಳ ಮೇಲೆ. ಊಟದ ಹೊತ್ತಿನಲ್ಲಿ ಅವಳನ್ನು ಚೆನ್ನಾಗಿ ಬೈದೆ, ಆಮೇಲೆ ಅವಳ ಡಬ್ಬಿಗೆ ನನ್ನ ಪಲ್ಯ ಬಡಿಸಿ ಅತ್ತೆ. ಅವಳೇ ನನಗೆ ಸಮಾಧಾನ ಮಾಡಬೇಕಾಯಿತು.

ಅವಳು ಹೊರಟ ದಿನ ಮಾರಪ್ಪ ತನ್ನ ಮೊಪೆಡ್ಡಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ನಿಂತಿದ್ದ. ಪಾಪ, ತಾನು ಏನೋ ದೊಡ್ಡ ತಪ್ಪು ಮಾಡಿದೆ ಎಂದು ಅವನ ತಲೆಯೊಳಗೆ ಕೂತುಬಿಟ್ಟಿತ್ತು. ಅಷ್ಟು ದಿನ ಅವಳೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡದಿದ್ದ ಇಳಂಗೋವನ್ ಸಾರ್ ಗೇಟಿನ ತನಕ ನಡೆದು ಬಂದರು.

"ಆ ದಿನ ನಿಮ್ಮ ಜಾಗದಲ್ಲಿ ನಾನು ಇದ್ದಿದ್ರೆ ಬಾಯಿ ಮುಚ್ಕೊಂಡು ಇರ್ತಿದ್ದೆ ರತ್ನಾ. ಇದನ್ನ ನಿಮಗೆ ಹೇಳ್ಬೇಕು ಅನ್ನಿಸ್ತು."

ರತ್ನಾ ಬಗ್ಗಿ ಅವರ ಕಾಲು ಮುಟ್ಟಿದಳು. ಅವರು ಹಿಂದಕ್ಕೆ ಸರಿದರು, ಬೇಡ ಎಂದು ಕೈ ಆಡಿಸಿದರು. ವಾಪಸು ಬಂದು ನೇರವಾಗಿ ಗೋಡೆಯ ಬೋರ್ಡಿನ ಮುಂದೆ ನಿಂತು, ಬಿಸಿನೀರಿನ ನಿಯಮದ ಮೇಲಿದ್ದ ಧೂಳನ್ನು ಕರವಸ್ತ್ರದಿಂದ ಒರೆಸಿದರು. ಮಾರಪ್ಪನಿಗೆ ನಾನು ಹೇಳಿದೆ, ಹೆಪ್ಪು ತಪ್ಪಲ್ಲ ಕಣಪ್ಪ, ಹೆಪ್ಪು ಹಾಕಿದ್ದೇವೆಂದು ಹೇಳದಿದ್ದದ್ದು ತಪ್ಪು, ಅದರಲ್ಲಿ ನಮಗೆಲ್ಲ ಸಮಪಾಲು. ಅಲ್ಲಿಂದಾಚೆಗೆ ಹೆಪ್ಪು ಬಿಟ್ಟ ದಿನ ಬಿಟ್ಟೆವೆಂದು, ತೊಳೆದ ದಿನ ತೊಳೆದೆವೆಂದು ಸೆಲ್ಲಿನ ಮೇಲೇ ಚೀಟಿ ಅಂಟಿಸತೊಡಗಿದೆವು. ಯಾವುದೇ ಹೊಸ ಪ್ರೊಮೋಟರ್ ಬಂದರೂ ಅದೇ ವಾರ, ಅದೇ ಸೆಲ್ಲಿನಲ್ಲಿ, ಅದಿಲ್ಲದೆಯೂ ಒಮ್ಮೆ ಮಾಡಿ ನೋಡದೆ ಯಾರೂ ಬಾಯಿ ಬಿಡುವಂತಿಲ್ಲ.

ಹೈಡ್ರೇಟಿನಲ್ಲಿ ಹೈಡ್ರೋಜನ್ ಇಟ್ಟು ಕಾರು ಓಡಿಸುವ ಕಾಲ ಬಂತಾ ಎಂದು ಈಗಲೂ ನೆಂಟರು ಕೇಳುತ್ತಾರೆ. ಬಂದಿಲ್ಲ. ಓನರು ಇನ್ನೂ ನಡುಮನೆ ಬಿಟ್ಟುಕೊಟ್ಟಿಲ್ಲ. ಹೊಸ ಹೊಸ ಪ್ರೊಮೋಟರ್‌ಗಳು ಬರುತ್ತಿವೆ, ನಾವು ನಿಂತ ಕಡೆಯಿಂದ ಮುಂದೆ ಹೋಗುವ ಜವಾಬ್ದಾರಿ ನಿಮ್ಮದು. ಇಳಂಗೋವನ್ ಸಾರ್ ನನಗಿಂತ ಮೊದಲೇ ನಿವೃತ್ತರಾಗಿ ಧರ್ಮಪುರಿಯಲ್ಲಿ ಮಾವಿನ ತೋಟ ಮಾಡಿದ್ದಾರೆ. ಈ ಸಲ ಅವರು ಚೆನ್ನಾಗಿ ಬಿಟ್ಟಿದ್ದಾರೆ ಎಂದು ಫೋನಿನಲ್ಲಿ ಹೇಳುತ್ತಿದ್ದರು, ಮರಗಳ ಬಗ್ಗೆ. ರತ್ನಾ ಕೃಷ್ಣಗಿರಿ ಕಡೆಯ ಒಂದು ಕಾಲೇಜಿನಲ್ಲಿ ಮೊದಲು ಅತಿಥಿ ಉಪನ್ಯಾಸಕಿಯಾಗಿ ಸೇರಿದಳು. ಅದರ ಸಂಬಳದಲ್ಲಿ ತಾಯಿಯನ್ನು ಕೂಲಿ ಬಿಡಿಸಲಾಗಲಿಲ್ಲ, ಆ ತಾಯಿ ಇನ್ನೂ ಕೆಲವು ವರ್ಷ ಹೂವು ಕೊಯ್ದರು. ಆ ವರ್ಷಗಳಲ್ಲಿ ನಾನು ಗುಲಾಬಿ ಮುಡಿಯಲಿಲ್ಲ. ಆಮೇಲೆ ರತ್ನಾಳ ಕೆಲಸ ಕಾಯಂ ಆಯಿತು, ತಾಯಿ ಕತ್ತರಿ ಕೆಳಗಿಟ್ಟರು.

ನನ್ನ ಸರ್ವಿಸಿನ ಕೊನೆಯ ತಿಂಗಳು ತರಬೇತಿಗೆಂದು ಬೇರೆ ಬೇರೆ ಕಾಲೇಜುಗಳ ಮಕ್ಕಳು ಬಂದಿದ್ದರು. ಎಲ್ಲರನ್ನೂ ಕೋಲ್ಡ್ ರೂಮಿಗೆ ಕರೆದುಕೊಂಡು ಹೋಗಿ ಸೆಲ್ಲಿನ ಮುಂದೆ ನಿಲ್ಲಿಸಿದೆ. ಇದು ಸಿಡಿಯುತ್ತದಾ ಎಂದು ಒಬ್ಬ ಕೇಳಿದ. ಎಂದಿನ ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ನಿಂತಿದ್ದ ಸಣಕಲು ಹುಡುಗಿಯೊಬ್ಬಳು ಮುಂದೆ ಬಂದು, ಸೆಲ್ಲಿನೊಳಗೆ ಬಗ್ಗಿ ನೋಡಿ, ನನ್ನ ಕಡೆ ತಿರುಗಿದಳು.

"ಮೇಡಂ, ಇದನ್ನ ಕೊನೇಲಿ ತೊಳೆದೋರು ಯಾರು? ಎಂಗೆ ತೊಳೆದ್ರು?"

ನಾನು ಹೇಳಿದೆ, ಒಂದೂ ಬಿಡದೆ ಹೇಳಿದೆ. ನೀನು ಯಾವ ಕಾಲೇಜು ಎಂದು ಮಾತ್ರ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.